ಚಿನ್ನಾಳಪಟ್ಟಿಯಲ್ಲಿ ಇಲ್ಲದ ಬಣ್ಣ

ತಮಿಳುನಾಡಿನ ತೇನಿಯ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ, ಪಂಪ್‌ಸೆಟ್ ಅಂಗಡಿಯ ಮಹಡಿಯಲ್ಲಿ ಗೋಮತಿಯ ಸ್ಟುಡಿಯೋ. ಅವಳ ಹತ್ತಿರ ಎರಡು ಕ್ಯಾಮರಾಗಳಿದ್ದವು. ಒಂದು ಹನ್ನೆರಡು ವರ್ಷದ್ದು, ಕುತ್ತಿಗೆಗೆ ಹಾಕಿಕೊಂಡರೆ ಒರಳುಕಲ್ಲು ನೇತುಹಾಕಿಕೊಂಡಂತೆ. ಇನ್ನೊಂದು ಹೊಸ, ಹಗುರವಾದ ಮಿರರ್‌ಲೆಸ್. ಅದನ್ನು ಕೊಳ್ಳುವ ಮುಂಚೆ ಎಂಟು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಪೆರಿಯಕುಳಂ ರಸ್ತೆಯಲ್ಲಿ ಮದುವೆ ಫೋಟೋ ತೆಗೆಯುವ ಅವಳ ಗೆಳೆಯ ಪ್ರಭಾಕರನ್ ಎರಡು ವರ್ಷಕ್ಕೊಮ್ಮೆ ಕ್ಯಾಮರಾ ಕಂಪನಿಯನ್ನೇ ಬದಲಿಸುವ ಆಸಾಮಿ. ಈ ವಿಚಾರದಲ್ಲಿ ಇಬ್ಬರೂ ಹಾವು ಮುಂಗುಸಿ.

ಎಡಿಟಿಂಗ್ ಸಾಫ್ಟ್‌ವೇರನ್ನು ಬೈಯುವುದಾದರೆ ಮಾತ್ರ ಇಬ್ಬರದೂ ಒಂದೇ ಬಾಯಿ. ಅದು ಹೇಳದೆ ಕೇಳದೆ ತಾನೇ ಅಪ್‌ಡೇಟ್ ಆಗುತ್ತಿತ್ತು. ನಿನ್ನೆ ಎಡಕ್ಕಿದ್ದ ಬಟನ್ ಇವತ್ತು ಬಲಕ್ಕೆ, ನಾಳೆ ಇನ್ಯಾವುದರದೋ ಹೊಟ್ಟೆಯೊಳಗೆ.

"ಅಡಿಗೆಮನೆ ನಮ್ದೇ. ದಿನಾ ಯಾರೋ ಬಂದು ಉಪ್ಪಿನ ಡಬ್ಬಿ ಬಚ್ಚಿಟ್ಟು ಓಗ್ತಾರೆ," ಎನ್ನುತ್ತಿದ್ದಳು ಗೋಮತಿ.

ಆ ಮಂಗಳವಾರ ಬೆಳಿಗ್ಗೆಯೂ ಹಾಗೇ ಆಯಿತು. ಚಿನ್ನಾಳಪಟ್ಟಿಯ ನೇಕಾರ ತಂಗವೇಲ್ ಅವರ ಹದಿನೆಂಟು ಸೀರೆಗಳ ಫೋಟೋ ಕಳಿಸಬೇಕಿತ್ತು. ಹತ್ತು ಗಂಟೆಗೆ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದಲ್ಲಿ ಇನ್ನೊಂದು ಕೆಲಸ. ಕಂಪ್ಯೂಟರ್ ತೆರೆದರೆ ಸಾಫ್ಟ್‌ವೇರ್ ಹೊಸ ಅಂಗಿ ತೊಟ್ಟು ನಿಂತಿತ್ತು. ಚಿತ್ರಗಳನ್ನು ಹೊರಕ್ಕೆ ಕಳಿಸುವ ಬಟನ್ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಸಿಕ್ಕಿದ್ದೇ ತಡ, ಒತ್ತಿದಳು, ಕಳಿಸಿದಳು, ಬಸ್ಸಿಗೆ ಓಡಿದಳು. ಆ ಬಟನ್ನಿನ ಪಕ್ಕದಲ್ಲಿ 'ಬಣ್ಣ ತಾನಾಗಿ ಸುಧಾರಿಸು' ಎಂಬ ಚೌಕದೊಳಗೆ ಯಾರೂ ಹಾಕದ ಟಿಕ್ ಗುರುತೊಂದು ಕೂತಿದ್ದನ್ನು ಅವಳು ನೋಡಲಿಲ್ಲ.

ಮಧ್ಯಾಹ್ನ ದ್ರಾಕ್ಷಿ ಚಪ್ಪರದ ಕೆಳಗೆ ಬಗ್ಗಿ ನಿಂತಿದ್ದಾಗ ತಂಗವೇಲ್ ಫೋನ್ ಬಂತು.

"ತಂಗಚ್ಚಿ, ನಾಲ್ಕನೇ ಸೀಲೆ ಯಾರ್ದು?"

"ನಿಮ್ದೇ ಅಣ್ಣಾ. ಬದ್ನೆಕಾಯಿ ಬಣ್ಣದ್ದು."

"ಬದ್ನೆಕಾಯಿ ಎಲ್ಲೈತೆ ಇದ್ರಲ್ಲಿ? ಇಂಥ ಬಣ್ಣ ನಮ್ಮೂರ್ನಲ್ಲೇ ಇಲ್ಲ."

ಗೋಮತಿ ಫೋನಿನಲ್ಲಿ ಚಿತ್ರ ತೆರೆದು ನೋಡಿದಳು. ನೇರಳೆಯೂ ಅಲ್ಲ, ಹಸಿರೂ ಅಲ್ಲ. ಎರಡೂ ಒಂದರ ಮೇಲೊಂದು ಬಿದ್ದು ಹೊರಳಾಡಿದಂಥ ಬಣ್ಣ. 

"ತಪ್ಪಾಗೋತು ಅಣ್ಣಾ. ಈಗ್ಲೇ ಸರಿ ಮಾಡಿ ಕಳಿಸ್ತೀನಿ."

"ಸರಿ ಮಾಡ್ಬೇಡ ತಾಯಿ. ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಆಗ್ಲೇ ಆಕ್ಬಿಟ್ಟೆ. ಐವತ್ತೆರಡು ಜನ ಕೇಳವ್ರೆ. ಮಿಕ್ಕ ಹದಿನೇಳು ಸೀಲೆ ಕಡೆ ಒಬ್ರೂ ತಿರುಗಿ ನೋಡಿಲ್ಲ. ನೀ ಬಾ, ಈ ಬಣ್ಣ ಎಂಗ್ ಮಾಡ್ದೆ ಅಂತ ಏಳು."

ಹೇಗೆ ಮಾಡಿದೆನೆಂದು ಅವಳಿಗೇನು ಗೊತ್ತು? ವಿಷಯ ಕೇಳಿದ ಪ್ರಭಾಕರನ್ ತನ್ನ ಕಾರಿನ ಬಾನೆಟ್ ಮೇಲೆ ತಲೆಯಿಟ್ಟು ನಕ್ಕ. ನಕ್ಕು ಸಾಕಾದ ಮೇಲೆ, ಬಣ್ಣವನ್ನು ಇದ್ದಹಾಗೆ ತೋರಿಸುತ್ತದೆಂದು ತಾನು ಜಂಬ ಕೊಚ್ಚಿಕೊಳ್ಳುತ್ತಿದ್ದ ದೊಡ್ಡ ಮಾನಿಟರನ್ನೇ ಕಿತ್ತು ತಂದ. ಮರುದಿನ ಅದೇ ಕಾರಿನಲ್ಲಿ ವತ್ತಲಗುಂಡು ದಾಟಿ ಚಿನ್ನಾಳಪಟ್ಟಿ ತಲುಪುವವರೆಗೂ ಗೋಮತಿ ಅದನ್ನು ಎಳೆ ಕೂಸಿನಂತೆ ಮಡಿಲಲ್ಲಿ ಹಿಡಿದು ಕೂತಿದ್ದಳು.

ತಂಗವೇಲ್ ಅಂಗಳದಲ್ಲಿ, ಬಣ್ಣದ ತೊಟ್ಟಿಗಳ ನಡುವೆ ಸ್ಟೂಲಿನ ಮೇಲೆ ಮಾನಿಟರ್ ಕೂತಿತು. ಬಣ್ಣ ಹಾಕುವುದು ಅವರ ತಾಯಿ ಪೊನ್ನುತಾಯಿ. ಎಪ್ಪತ್ತೊಂದು ವರ್ಷ, ಮೊಣಕೈವರೆಗೂ ನೀಲಿ. ಮುದುಕಿ ಪರದೆಯನ್ನು ನೋಡಿದಳು, ನೂಲಿನ ಲಡಿ ಅದ್ದಿದಳು, ಎತ್ತಿ ಪರದೆಯ ಪಕ್ಕ ಹಿಡಿದಳು.

"ಇನ್ನೂ ಕೊಂಚ ಪಚ್ಚೆ ಬೇಕು," ಎಂದ ಪ್ರಭಾಕರನ್.

"ಇಲ್ಲ, ಪಚ್ಚೆ ಜಾಸ್ತಿ ಆತು," ಎಂದರು ತಂಗವೇಲ್, ತಮ್ಮ ಫೋನು ನೋಡುತ್ತಾ.

ಗೋಮತಿ ತನ್ನ ಫೋನು ತೆಗೆದಳು. ಅದರಲ್ಲಿ ಸೀರೆ ಹೆಚ್ಚುಕಡಿಮೆ ನೀಲಿ. ಮೂರನ್ನೂ ಸಾಲಾಗಿಟ್ಟರೆ ಮೂರು ಸೀರೆ. ತನ್ನ ಮಾನಿಟರೇ ಸತ್ಯ ಎಂದು ಪ್ರಭಾಕರನ್ ಹಟ ಹಿಡಿದ. "ಮಾನಿಟರ್ ನೋಡಿ ಯಾರೂ ಸೀಲೆ ಕೇಳಿಲ್ಲ ತಂಬಿ," ಎಂದು ತಂಗವೇಲ್ ಫೋನನ್ನು ಅವನ ಮೂಗಿಗೇ ಹಿಡಿದರು. ಅಷ್ಟರಲ್ಲಿ ಏಳು ಲಡಿಗಳು ಏಳು ಬಣ್ಣದಲ್ಲಿ ಹಗ್ಗದ ಮೇಲೆ ತೊಟ್ಟಿಕ್ಕುತ್ತಿದ್ದವು. ಪ್ರಭಾಕರನ್‌ನ ಬಿಳಿ ಅಂಗಿ ಎಂಟನೆಯದಾಗಿತ್ತು. ಗೋಮತಿ ನಗು ತಡೆಯಲಾರದೆ ತೊಟ್ಟಿಯ ಅಂಚಿಗೆ ಕೈಯೂರಲು ಹೋಗಿ ಜಾರಿ, ಮಣಿಕಟ್ಟಿನವರೆಗೂ ನೇರಳೆಯಾದಳು.

"ಪೋದುಂ, ಸಾಕು," ಎಂದ ಪೊನ್ನುತಾಯಿ ಪರದೆ ತೋರಿಸಿ ಗೋಮತಿಯನ್ನು ಕೇಳಿದಳು. "ನನ್ ಕಣ್ಣೇ, ಇದನ್ನ ನೋಡಿದ್ರೆ ನಿನಗೆ ಏನು ಗ್ಯಾಪಕ ಬರ್ತದೆ?"

ಗೋಮತಿ ಯೋಚಿಸಿದಳು. ನಿನ್ನೆ ನಿಂತಿದ್ದ ಚಪ್ಪರ ಕಣ್ಣಿಗೆ ಬಂತು. "ದ್ರಾಕ್ಷಿ, ಅವ್ವಾ. ಕಾಯಿ ಬಣ್ಣ ತಿರುಗೋ ವೇಳೆ. ಒಂದೇ ಗೊನೆ, ಒಂದು ಪಕ್ಕ ಪಚ್ಚೆ, ಒಂದು ಪಕ್ಕ ಕಪ್ಪು."

"ಅಂಗ್ ಏಳು ಮತ್ತೆ. ಇದು ಒಂದು ಬಣ್ಣ ಅಲ್ಲ. ತೊಟ್ಟೀಲಿ ಉಡುಕಿದ್ರೆ ಎಲ್ಲಿ ಸಿಗ್ತದೆ?" ಮುದುಕಿ ಮಗನ ಕಡೆ ತಿರುಗಿದಳು. "ಉದ್ದದ ಹಾಸುನೂಲು ನೇರಳೆ ಎಳಿ. ಅಡ್ಡದ ಹೊಕ್ಕುನೂಲು ಪಚ್ಚೆ ಓಡ್ಸು. ನಿಂತ ಕಡೆ ಒಂದು ಬಣ್ಣ, ತಿರುಗಿದ್ರೆ ಇನ್ನೊಂದು. ಮೂರು ಪಟಾನೂ ನಿಜಾನೇ ಆಗ್ತದೆ."

ಪ್ರಭಾಕರನ್ ಮೆಲ್ಲಗೆ ಮಾನಿಟರಿನ ವೈರು ಕಿತ್ತ.

ಹನ್ನೆರಡು ದಿನಕ್ಕೆ ಮೊದಲ ಸೀರೆ ಮಗ್ಗದಿಂದ ಇಳಿಯಿತು. ಫೋಟೋಕ್ಕೆ ಸೀರೆ ಉಡಿಸಲು ಬೊಂಬೆ ತಂದಿದ್ದರೂ ಪೊನ್ನುತಾಯಿ ಒಪ್ಪಲಿಲ್ಲ. ತಾನೇ ಉಟ್ಟು ಬಂದಳು. ಬೆಳಗಿನ ಬಿಸಿಲಿಗೆ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು. ಹೋಗುವಾಗ ನೇರಳೆ, ಬರುವಾಗ ಹಸಿರು. ತಿರುವಿನಲ್ಲಿ ಎರಡೂ ಒಟ್ಟಿಗೆ ಹೊತ್ತಿಕೊಂಡಂತಾಯಿತು. ನೆರೆಮನೆಯ ಹೆಂಗಸರು ಗೋಡೆಗೆ ಆತು ನಿಂತರು. ಅವರನ್ನು ಕಂಡ ಮುದುಕಿ ಸೆರಗು ಬೀಸಿ ಗಿರ್ರನೆ ಸುತ್ತಿದಳು.

"ಅವ್ವಾ, ಮೆಲ್ಲಗೆ," ಎಂದು ತಂಗವೇಲ್ ಹಿಂದೆ ಓಡಿದರು.

"ನಿಲ್ಬೇಡಿ ಅವ್ವಾ, ಇನ್ನೊಂದು ಸುತ್ತು," ಎಂದು ಗೋಮತಿ ಕೂಗಿದಳು. ನಗುವಿನಲ್ಲಿ ಅವಳ ಕೈ ಕುಣಿಯುತ್ತಿತ್ತು. ಒಂದು ಚಿತ್ರವೂ ಅಲುಗದೆ ಬರಲಿಲ್ಲ. ಸೀರೆ ಮಸುಕು ಮಸುಕಾಗಿ ಹಾರುತ್ತಿತ್ತು. ಮುದುಕಿಯ ಹಲ್ಲು ಮಾತ್ರ ಸ್ಪಷ್ಟ.

"ಸ್ಟುಡಿಯೋಗೆ ಓಗಿ ಒಳ್ಳೇದು ಆಯ್ದು, ತಿದ್ದಿ ಕಳಿಸ್ತೀನಿ ಅಣ್ಣಾ."

"ಏನೂ ತಿದ್ಬೇಡ," ಎಂದರು ತಂಗವೇಲ್. ಕ್ಯಾಮರಾದಿಂದ ಫೋನಿಗೆ ಇಳಿಸಿಕೊಂಡು, ಎಲ್ಲಕ್ಕಿಂತ ಹೆಚ್ಚು ಅಲುಗಿದ್ದ ಚಿತ್ರವನ್ನೇ ಆರಿಸಿ, ಅಲ್ಲೇ ನಿಂತು ಗ್ರೂಪಿಗೆ ಹಾಕಿದರು. ಪೊನ್ನುತಾಯಿ ಮನೆಮುಂದಿನ ತಿಣ್ಣೆಯ ಮೇಲೆ ಕೂತು ಏದುಸಿರಲ್ಲೇ ನೀರು ಕೇಳಿದಳು. ನೀರು ಬರುವ ಮುಂಚೆ ತಂಗವೇಲ್ ಫೋನು ಹೊಡೆದುಕೊಳ್ಳತೊಡಗಿತ್ತು.