ಬಟ್ಟಲಿಗೆ ಬಿದ್ದ ಕತ್ತಾಳೆ ಹುಳು

ನಾನು ಒಂದು ಕತ್ತಾಳೆ ಹುಳು. ನಿಮ್ಮ ಹೊಲದ ಬದುವಿನಲ್ಲಿ ಬೇಲಿಗೆಂದು ಬೆಳೆಯುತ್ತದಲ್ಲ, ಆ ಮುಳ್ಳುಕತ್ತಾಳೆಯ ಬಳಗದ್ದೇ ಒಂದು ಗಿಡ ನನ್ನ ತವರು. ಮೆಕ್ಸಿಕೋ ದೇಶದ ಒಹಾಕಾ ಸೀಮೆಯ ಗುಡ್ಡವೊಂದರ ಇಳಿಜಾರಿನಲ್ಲಿ ಅದು ನಿಂತಿತ್ತು. ಅದರ ಬುಡದೊಳಗೆ ಕಣ್ಣುಬಿಟ್ಟೆ. ಕೊರೆದಷ್ಟೂ ಸಿಹಿ, ತಿಂದಷ್ಟೂ ಮುಗಿಯದ ಗೋಡೆ. ಜಗತ್ತೆಂದರೆ ಅಷ್ಟೇ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಗೋಡೆ ಸೀಳಿತು. ಅಬ್ಬಾ, ಎಂಥ ಬೆಳಕು! ಮಚ್ಚು ಹಿಡಿದಿದ್ದ ಎಲಿಸಿಯೋ ನನ್ನನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿದ. ಅವನು ಕತ್ತಾಳೆಯ ಗಡ್ಡೆಯನ್ನು ನೆಲದ ಕುಳಿಯಲ್ಲಿ ಸುಟ್ಟು, ಜಜ್ಜಿ, ಹುಳಿ ಬರಿಸಿ, ಮೆಸ್ಕಾಲ್ ಎಂಬ ಮದ್ಯ ಇಳಿಸುವವನು. ಕೆಲವು ಬಾಟಲಿಗಳಿಗೆ ಹುಳು ಹಾಕುವುದು ಅವನ ರೂಢಿ.

"ಥೂ, ಇದನ್ನ ಯಾರು ಕುಡೀತಾರೆ ಮಾರಾಯ?" ಎಂದಳು ಅವನ ಹೆಂಡತಿ ಒಬ್ದುಲಿಯಾ.

"ಮುಖ ಕಿವುಚಬೇಡ. ಅದೂ ಕತ್ತಾಳೆ ತಿಂದು ಬೆಳೆದದ್ದು, ನಾವೂ ಅದರಿಂದಲೇ ಉಣ್ಣೋರು."

ಮದ್ಯಕ್ಕೆ ಬಿದ್ದೆ. ಒಂದು ಉರಿ, ಆಮೇಲೆ ನೋವಿಲ್ಲ. ಪ್ರಾಣ ಹೋಯಿತು, ನೋಟ ಉಳಿಯಿತು. ಗಾಜಿನಾಚೆ ಮನುಷ್ಯರ ಮುಖಗಳು ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಮೂಡಿ ಮರೆಯಾಗುತ್ತಿದ್ದವು.

ಬೇಸಿಗೆಯಲ್ಲಿ ಎಲಿಸಿಯೋನ ಮುಖ ಬರುವುದು ನಿಂತಿತು. ಜ್ವರವೆಂದು ಮಲಗಿದವನು ಏಳಲಿಲ್ಲ. ಅವನು ಕೈಯಾರೆ ಇಳಿಸಿದ್ದರಲ್ಲಿ ಉಳಿದದ್ದು ನಾನಿದ್ದ ಬಾಟಲಿಯೊಂದೇ.

ಆ ಊರಿನಲ್ಲಿ ವರ್ಷಕ್ಕೊಮ್ಮೆ ಸತ್ತವರು ಮನೆಗೆ ಬರುತ್ತಾರೆ. ಚೆಂಡುಹೂವಿನ ಮಂಟಪ ಕಟ್ಟಿ, ಅವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತಾರೆ. ಬಂದವರು ರುಚಿಯನ್ನಷ್ಟೇ ಉಂಡು ಹೋಗುತ್ತಾರಂತೆ. ಎಡೆ ಸಪ್ಪೆಯಾಗಿದ್ದರೆ ಅವರು ಬಂದಿದ್ದರೆಂದು ಅರ್ಥ. ಮಗ ಬರುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಎಲಿಸಿಯೋನ ತಾಯಿ ತೊಮಾಸಾ ಊಟವನ್ನೇ ಬಿಟ್ಟಿದ್ದಳು. ಆ ದಿನ ಒಬ್ದುಲಿಯಾ ಎಡೆಗೆಂದು ಬಾಟಲಿ ಬಗ್ಗಿಸಿದಾಗ ಮದ್ಯದ ಜೊತೆ ನಾನೂ ಮಣ್ಣಿನ ಬಟ್ಟಲಿಗೆ ಜಾರಿಬಿದ್ದೆ. ಅವಳು ನನ್ನನ್ನು ತೆಗೆಯಹೋದಳು.

"ಇರಲಿ ಬಿಡೇ, ಅವನೇ ಹಾಕಿದ್ದು," ಎಂದಳು ತೊಮಾಸಾ.

ಮರುದಿನ ಮಧ್ಯಾಹ್ನ ಎಡೆ ಎತ್ತುವ ಹೊತ್ತು ಬಂತು.

"ನೀನೇ ಮೊದಲು ಕುಡಿದು ನೋಡು. ನನಗೆ ಧೈರ್ಯ ಇಲ್ಲ," ಎಂದಳು ತೊಮಾಸಾ.

ಒಬ್ದುಲಿಯಾ ಒಂದು ಗುಟುಕು ಕುಡಿದಳು. ಅವಳ ಕಣ್ಣು ತುಂಬಿತು. ಅದರಲ್ಲೇ ಮುಳುಗಿದ್ದ ನನಗೆ ಗೊತ್ತಿತ್ತು, ಘಾಟು ಒಂದಿಷ್ಟೂ ಇಳಿದಿರಲಿಲ್ಲ.

"ಏನಾಯ್ತೇ? ಹೇಳೇ!"

"ನೀರು ಅತ್ತೆ. ಬರೀ ನೀರು. ಎಲ್ಲ ಹೀರ್ಕೊಂಡು ಹೋಗಿದ್ದಾನೆ ನಿಮ್ಮ ಮಗ."

"ಅವನು ಯಾವತ್ತು ಬಿಟ್ಟಿದ್ದ? ಕೊಡೇ ಇಲ್ಲಿ."

ಸೊಸೆ ಬಟ್ಟಲನ್ನು ಎದೆಗೆ ಒತ್ತಿ ಹಿಡಿದಳು. ಮುದುಕಿ ಬಿಡಿಸಿಕೊಂಡು ಕುಡಿದೇಬಿಟ್ಟಳು. ಕೆಮ್ಮು ಉಕ್ಕಿಬಂತು, ಶಾಲು ಬಾಯಿಗೊತ್ತಿ ನುಂಗಿಕೊಂಡಳು. ಸೊಸೆಯ ಒದ್ದೆ ಕಣ್ಣನ್ನು ಬಹಳ ಹೊತ್ತು ನೋಡಿದಳು.

"ಹೌದು ಕಣೇ. ನೀರೇ," ಎಂದಳು ಕೊನೆಗೆ. "ಹಸಿವಾಗ್ತಿದೆ. ನಂಗೊಂದು ರೊಟ್ಟಿ ತಟ್ಟು."

ಬಟ್ಟಲಲ್ಲಿ ಉಳಿದ ನನ್ನನ್ನು ಸೊಸೆ ಮತ್ತೆ ಬಾಟಲಿಗೇ ಹಾಕಿದಳು. ಈಗ ನಾನು ಆ ಬರಿದಾದ ಬಾಟಲಿಯ ತಳದಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ ಒಣಗುತ್ತಿದ್ದೇನೆ. ಅಂದು ಆ ಎರಡು ಮುಖಗಳನ್ನು ಕೆಳಗಿನಿಂದ ಕಂಡದ್ದು ನಾನೊಂದೇ. ಅಷ್ಟು ಉರಿಯನ್ನು ನೀರೆಂದು ನುಂಗಬಲ್ಲ ಜೀವಿಗಳು ಲೋಕದಲ್ಲಿವೆ ಎಂಬುದು ನನಗಿನ್ನೂ ಬೆರಗು. ಇಬ್ಬರೂ ಇವತ್ತಿಗೂ ಆ ಮಾತು ಬದಲಿಸಿಲ್ಲ. ಎದುರುಬದುರು ಕುಳಿತು ಉಣ್ಣುತ್ತಾರೆ. ಮೆಕ್ಕೆಜೋಳದ ರೊಟ್ಟಿ ಬೇಯುವ ಬಿಸಿ ಇಲ್ಲಿಯವರೆಗೂ ಬರುತ್ತದೆ.