ನಾಲ್ಕನೆಯ ಮೈದಾನ

ಹೇಮಪ್ಪನಿಂದ ಕಾಗದ ಬರದೆ ಹದಿನಾಲ್ಕು ತಿಂಗಳಾದಾಗ, ಅವನು ಸತ್ತಿರಬೇಕೆಂದು ಕುಷ್ಟಗಿಯ ಹಿರಿಯರು ತೀರ್ಮಾನಿಸಿದರು. ಮಾತೆತ್ತಿದವನು ಅವನ ಕಾಕಾ ಲಕ್ಷ್ಮಣಪ್ಪ. ಬರುವ ಅಮಾವಾಸ್ಯೆ ಕಳೆದ ಮೇಲೆ ಹೇಮಪ್ಪನ ಹೆಂಡತಿ ದುರುಗವ್ವನ ಬಳೆ ಒಡೆಸಿ, ಮೈದುನನಿಗೇ ಉಡಿಕೆಯ ಮರುಮದುವೆ ಮಾಡಿಕೊಡುವುದು ಎಂದಾಯಿತು. ಮೈದುನನಿಗೆ ಹದಿನೆಂಟು ವರ್ಷ. ಮೂರು ವರ್ಷದ ಕೂಸಾಗಿದ್ದಾಗಿನಿಂದ ಅವನ ಮೂಗು ಒರೆಸಿ, ಸೊಂಟದ ಮೇಲೆ ಹೊತ್ತು ಬೆಳೆಸಿದವಳು ದುರುಗವ್ವನೇ.

"ಅವರು ಸತ್ತಿದ್ದು ಯಾರು ಕಂಡಾರ್ರಿ?" ಅವಳು ಬಾಗಿಲ ಮರೆಯಿಂದ ಕೇಳಿದಳು.

"ಇದ್ದದ್ದು ಯಾರು ಕಂಡಾರವಾ?" ಎಂದ ಲಕ್ಷ್ಮಣಪ್ಪ.

ಹೇಮಪ್ಪ ಕೊಪ್ಪಳದಲ್ಲಿ ರೈಲ್ವೆ ಸಾಹೇಬರ ಬಂಗಲೆಯ ಮಾಲಿಯಾಗಿದ್ದ. ೧೯೩೬ರಲ್ಲಿ ಆ ಸಾಹೇಬ ಮುಂಬಯಿಗೆ ವರ್ಗವಾಗುವಾಗ ಇವನ ಕೈಗುಣ ಮೆಚ್ಚಿ ಕರೆದೊಯ್ದು, ಅಲ್ಲಿ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಹಚ್ಚಿದ್ದ. "ಸಮುದ್ರದ ಸಮೀಪ ನೂರು ಎಕರೆ ಬರೀ ಹುಲ್ಲು. ದನ ಬಿಡುವುದಿಲ್ಲ. ಸಾಹೇಬರು ಸಣ್ಣ ಚೆಂಡನ್ನು ಕೋಲಿನಿಂದ ಹೊಡೆದು, ಅದರ ಹಿಂದೆಯೇ ನಡೆದು ಹೋಗಿ ಮತ್ತೆ ಹೊಡೆಯುತ್ತಾರೆ" ಎಂದು ಅವನು ಯಾರಿಂದಲೋ ಬರೆಸಿದ್ದ ಮೊದಲ ಕಾಗದ ಕೇಳಿ ಓಣಿಯವರೆಲ್ಲ ನಕ್ಕಿದ್ದರು. ಯಾವ ಮೈದಾನ, ಎಲ್ಲಿಯದು ಎಂಬುದು ಒಂದು ಕಾಗದದಲ್ಲೂ ಇರಲಿಲ್ಲ.

ಅಮಾವಾಸ್ಯೆಗೆ ಇಪ್ಪತ್ತೆರಡು ದಿನ ಉಳಿದಿದ್ದವು. ತಾನೇ ಹೋಗಿ ಹುಡುಕುತ್ತೇನೆಂದು ದುರುಗವ್ವ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಅತ್ತೆ ಮಾರೆವ್ವ ಮಾತ್ರ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದಳು.

"ಹೆಣಾ ಕಂಡ್ರ ಅಳತೀನಿ. ಕಾಣದ ನಾ ಅಳಾಂಗಿಲ್ಲ. ನಡಿ, ನಾನೂ ಬರ್ತೀನಿ."

ಇಬ್ಬರೂ ಕೊಪ್ಪಳದಲ್ಲಿ ರೈಲು ಹತ್ತಿ, ಗದಗದಲ್ಲೂ ಸೊಲ್ಲಾಪುರದಲ್ಲೂ ಗಾಡಿ ಬದಲಿಸಿ ಮುಂಬಯಿ ಮುಟ್ಟಿದರು. ಕುಷ್ಟಗಿಯ ಮಕ್ಬುಲಸಾಬ ಅಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದ. ಅವನ ತಾಯಿ ಹೇಳಿದ್ದ ಗುರುತು ಹಿಡಿದು, ಕೇಳುತ್ತ ಕೇಳುತ್ತ ಅವನನ್ನು ಕಂಡುಕೊಳ್ಳಲು ಎರಡು ದಿನ ಬೇಕಾಯಿತು.

"ಗಾಲ್ಫ್ ಆಡೂ ಜಾಗಾ ಇಲ್ಲಿ ಒಂದಲ್ಲ ದೊಡ್ಡವ್ವ," ಎಂದ ಅವನು. "ಸಾಹೇಬರನ್ನ ನಾ ಮೂರು ಕಡಿ ಬಿಟ್ಟು ಬಂದೀನಿ. ಮೂರೂ ನೋಡೇಬಿಡೂಣು, ಬರ್ರಿ."

ಮೊದಲನೆಯದು ಸಮುದ್ರಕ್ಕೆ ಅಂಟಿಕೊಂಡೇ ಇತ್ತು. ಕಾವಲುಗಾರ ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಮಧ್ಯಾಹ್ನದವರೆಗೂ ಕೂತು, ಊಟಕ್ಕೆ ಹೊರಬಂದ ಒಬ್ಬೊಬ್ಬ ಮಾಲಿಯನ್ನೂ ಮಾರೆವ್ವ ತಡೆದು ಕೇಳಿದಳು. ಯಾರೂ ಹೇಮಪ್ಪನನ್ನು ಅರಿಯರು. ಎರಡನೆಯದು ದಿಬ್ಬದ ಮೇಲಿತ್ತು. ಬೇಲಿಯಾಚೆ ಇಳಿಜಾರಿನುದ್ದಕ್ಕೂ ಹಸಿರು, ಅದರ ಕೆಳಗೆ ತೆಂಗಿನ ಸಾಲು, ಆಮೇಲೆ ಹಾಯಿದೋಣಿಗಳ ನೀಲಿ ನೀರು. ದುರುಗವ್ವ ಅದನ್ನು ನೋಡಲಾರದೆ ಮುಖ ತಿರುಗಿಸಿದಳು.

"ಇಷ್ಟು ಚೆಂದನ ಜಾಗಾದಾಗ ಮನಶ್ಯಾ ಹೆಂಗ ಕಳೀತಾನ ಅತ್ತಿ?"

ಹೋದ ವರ್ಷ ಕಾಲರಾ ಬಂದಾಗ ನಮ್ಮಲ್ಲಿ ಕನ್ನಡದವರಿಬ್ಬರು ಸತ್ತರು, ಹೆಸರು ನೆನಪಿಲ್ಲ ಎಂದು ಅಲ್ಲಿಯ ಮಾಲಿಯೊಬ್ಬ ಹೇಳಿದ. ಆ ದಿನ ಅತ್ತೆ ಸೊಸೆ ಇಬ್ಬರೂ ಉಣ್ಣಲಿಲ್ಲ.

ಮೂರನೆಯದು ಊರಾಚೆ, ಸಮುದ್ರದಿಂದ ತುಸು ಒಳಗೆ ಇತ್ತು. ಅಲ್ಲಿಯ ಹಿರಿಯ ಮಾಲಿ ಹೆಸರು ಕೇಳಿದ್ದೇ ಕೈಯಲ್ಲಿದ್ದ ಕುಡಗೋಲು ಕೆಳಗಿಟ್ಟ. ಅವನು ಹಿಂದೂಸ್ತಾನಿಯಲ್ಲಿ ಹೇಳಿದ್ದನ್ನು ಮಕ್ಬುಲಸಾಬ ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದ.

"ಇಲ್ಲೇ ಇದ್ದನಂತ ದೊಡ್ಡವ್ವ. ಹುಲ್ಲು ಕೊಯ್ಯೂವಾಗ ಚೆಂಡು ಬಂದು ಕಣ್ಣಿಗೆ ಬಡೀತಂತ. ಒಂದು ಕಣ್ಣು ಅವತ್ತೇ ಹೋತು. ಮುಂದ ಎರಡು ತಿಂಗಳದಾಗ ಇನ್ನೊಂದೂ ಹೋತಂತ. ಊರಿಗೆ ಹೊಂಟೀನಿ ಅಂತ ಹೇಳಿ ಹ್ವಾದನಂತ. ವರ್ಷದ ಮ್ಯಾಲಾತು."

ಅತ್ತೆ ಸೊಸೆ ಇಬ್ಬರೂ ಅಲ್ಲೇ ಮಣ್ಣಿನಲ್ಲಿ ಕೂತರು. ಊರಿಗೆ ಹೊರಟ ಕುರುಡ ಊರು ಮುಟ್ಟಿರಲಿಲ್ಲ. ಇಷ್ಟು ದೊಡ್ಡ ನಗರದಲ್ಲಿ, ಅಷ್ಟು ದೂರದ ಹಳಿಗಳ ಮೇಲೆ, ಎಲ್ಲಿ ಬಿದ್ದನೋ.

"ಏಳು ದುರುಗವ್ವ," ಎಂದಳು ಮಾರೆವ್ವ. "ಊರಿಗೆ ಹೋಗೂಣು. ಅವ ಇಲ್ಲ."

ದುರುಗವ್ವ ಏಳಲಿಲ್ಲ. ಮಾಲಿಯ ಕಾಲು ಹಿಡಿದು, ಬಂದ ನಾಲ್ಕು ಹಿಂದೂಸ್ತಾನಿ ಮಾತುಗಳಲ್ಲಿ ಕೇಳಿದ್ದನ್ನೇ ಕೇಳಿದಳು. ಅವನು ಕಾಲು ಬಿಡಿಸಿಕೊಳ್ಳಲು ನೋಡಿದ. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಅವನ ಹೆಂಡತಿಗೆ ತಡೆಯಲಾಗಲಿಲ್ಲ. ಸಮುದ್ರದ ಹಿನ್ನೀರಿನ ಖಾಡಿಯಾಚೆ ಮೀನುಗಾರರ ಕೇರಿಯ ಹತ್ತಿರ ಇನ್ನೊಂದು ಸಣ್ಣ ಮೈದಾನವಿದೆ, ಅಲ್ಲಿ ಕೆಸರಿಗೆ ಬಿದ್ದ ಚೆಂಡುಗಳನ್ನು ಒಬ್ಬ ಕುರುಡ ಕಾಲಿನಿಂದ ತಡವಿ ಹುಡುಕಿಕೊಡುತ್ತಾನಂತೆ, ಯಾವ ಊರಿನವನೋ ಗೊತ್ತಿಲ್ಲ ಎಂದಳು.

ಅವರು ಅಲ್ಲಿಗೆ ಹೋದಾಗ ಸಮುದ್ರದ ಇಳಿತದ ಹೊತ್ತು. ಮೊಣಕಾಲುದ್ದ ಕೆಸರಿನಲ್ಲಿ ಒಬ್ಬ ಬಡಕಲು ಮನುಷ್ಯ ಹೆಜ್ಜೆ ಇಡುತ್ತಿದ್ದ, ನಿಲ್ಲುತ್ತಿದ್ದ, ಬಗ್ಗಿ ಏನನ್ನೋ ಎತ್ತಿ ಚೀಲಕ್ಕೆ ಹಾಕುತ್ತಿದ್ದ.

"ಹೇಮಾ!" ಎಂದಳು ಮಾರೆವ್ವ.

ಅವನು ನೆಟ್ಟಗಾದ. "ಯಾರವ್ವಾ ನೀವು? ನಾ ಹೇಮಪ್ಪ ಅಲ್ಲ. ಅವ ಸತ್ತಾನ." ಅಂದದ್ದು ಕುಷ್ಟಗಿಯ ಕನ್ನಡದಲ್ಲಿ.

ಮಾರೆವ್ವ ಕೆಸರಿಗಿಳಿದು ಎರಡೂ ಕೈಯಲ್ಲಿ ಅವನ ಮುಖ ಹಿಡಿದಳು. ಅವನು ಅವಳ ಕೈ ಕಿತ್ತು ಹಾಕಿದ.

"ಕುರುಡ ಬಂದು ಏನ್ ಮಾಡ್ಲಿ ಯವ್ವಾ? ಕಟ್ಟಿ ಮ್ಯಾಲ ಕುಂತು ನಿಮ್ಮ ಕೈ ಕಾಯ್ಲೇನು? ಎರಡು ಸಲ ಟೇಶನ್ ಮಟ ಹೋಗಿ ತಿರುಗಿ ಬಂದೀನಿ. ಸತ್ತಾನಂತ ಹೇಳ್ರಿ. ತಮ್ಮ ಅದಾನ, ಅಕಿನ್ನ ನೋಡಿಕೊಳ್ತಾನ."

ಹಾಗೆಂದವನೇ ತಿರುಗಿ ನೀರಿನ ಕಡೆ ನಡೆದ. ಉಬ್ಬರ ಏರತೊಡಗಿತ್ತು. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಆಳ ಎಲ್ಲಿದೆಯೆಂದು ಬಲ್ಲವನಂತೆ ಅವನು ನೇರ ಹೋಗುತ್ತಿದ್ದ. ಮಕ್ಬುಲಸಾಬ ರುಮಾಲು ಬಿಸಾಕಿ ಓಡಿದ. ಕೆಸರು ಅವನ ಕಾಲು ಹಿಡಿಯಿತು.

"ಹೇಮಪ್ಪಾ!"

ಕೂಗಿದವಳು ದುರುಗವ್ವ. ಮದುವೆಯಾಗಿ ಹದಿನೈದು ವರ್ಷದಲ್ಲಿ ಗಂಡನ ಹೆಸರನ್ನು ಅವಳು ಎಂದೂ ಬಾಯಲ್ಲಿ ತಂದವಳಲ್ಲ. ಅವಳೂ ಬಂದಿದ್ದಾಳೆಂದು ಅವನಿಗೆ ತಿಳಿದದ್ದು ಆಗಲೇ. ಎದೆಮಟ್ಟದ ನೀರಿನಲ್ಲಿ ಅವನು ನಿಂತುಬಿಟ್ಟ. ಮಕ್ಬುಲಸಾಬ ಹೋಗಿ ರಟ್ಟೆ ಹಿಡಿದು ದಂಡೆಗೆ ಎಳೆದು ತಂದ.

ಮೂರು ದಿನ ಎಷ್ಟು ಬೇಡಿಕೊಂಡರೂ ಹೇಮಪ್ಪ ಊರಿಗೆ ಬರಲು ಒಪ್ಪಲಿಲ್ಲ. ಕೊನೆಗೆ ಮಾರೆವ್ವ ಒಬ್ಬಳೇ ರೈಲು ಹತ್ತಿದಳು. ಅಮಾವಾಸ್ಯೆಗೆ ಮೊದಲು ಊರು ಮುಟ್ಟಿ, ಮಗ ಇದ್ದಾನೆಂದು ಅವಳು ಹಿರಿಯರ ಮುಂದೆ ಹೇಳಬೇಕಿತ್ತು. ಉಡಿಕೆಯ ಮಾತು ಅಲ್ಲಿಗೇ ನಿಂತಿತೆಂದು ಮುಂದೆ ಮಕ್ಬುಲಸಾಬನಿಗೆ ಬಂದ ಕಾಗದದಲ್ಲಿತ್ತು.

ದುರುಗವ್ವ ಅಲ್ಲೇ ಉಳಿದಳು. ಮಾಲಿಯ ಹೆಂಡತಿ ಸಣ್ಣ ಮೈದಾನದವರಿಗೆ ಹೇಳಿ ಕಳೆ ಕೀಳುವ ಕೆಲಸ ಕೊಡಿಸಿದಳು. ತಾಳೆಗರಿಯ ಗುಡಿಸಲಿನಲ್ಲಿ ಅವಳು ಅಡಿಗೆ ಮಾಡಿದರೆ ಅವನು ಉಣ್ಣುತ್ತಿದ್ದ. ಮಾತಿಲ್ಲ. ಒಂದು ದಿನವಲ್ಲ, ಒಂಬತ್ತು ದಿನ. ರಾತ್ರಿ ಅವನು ಎದ್ದು ಕೂತರೆ ಅವಳೂ ಎದ್ದು ಬಾಗಿಲಿಗೆ ಅಡ್ಡ ಕೂರುತ್ತಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ಇಳಿತವಾದಾಗ, ಅವನು ಚೀಲ ಹೆಗಲಿಗೇರಿಸಿ ಕೆಸರಿಗಿಳಿದ. ದಿನದಂತೆ ಅವಳೂ ಬೆನ್ನ ಹಿಂದೆ ಇಳಿದಳು. ಅವನು ನಿಂತ.

"ಆ ಕಡಿ ಒಡದ ಸೀಸೆ ಭಾಳ ಅದಾವ," ಎಂದ, ತಿರುಗದೆ. "ನಾ ಇಟ್ಟಲ್ಲೇ ಕಾಲಿಡು."

ಅವಳು ಸೀರೆ ಎತ್ತಿ ಕಟ್ಟಿ, ಅವನು ಹೆಜ್ಜೆ ಕಿತ್ತ ಕುಳಿಗಳಲ್ಲೇ ಕಾಲಿಡುತ್ತ ನಡೆದಳು.