ನಾಲ್ಕು ಲಕ್ಷ ಸಲ ಎತ್ತಿದ ಬಟ್ಟಲು

"ಬಟ್ಟಲು ಒರೆಸಿಲ್ಲ ಅಂತ ಸಹಿ ಹಾಕು ಅಂತೀಯಲ್ಲ, ನಿನ್ನ ಕಣ್ಣೆದುರಿಗೇ ಲಾಂಗಿ ಒರೆಸಿದಾಳೆ ಕಣಯ್ಯಾ! ಎಂಟು ತಿಂಗಳು!"

"ಕೂಗಬೇಡ ಮಲಾಕಿ. ಕೂತ್ಕೋ ಮೇಟ್."

"ಲಾಂಗಿಯ ಮೂರು ಬೆರಳು ಹೋದ ಮೇಲೆ ನಾನು ನಿನಗೆ ಮೇಟ್, ಗೆಳೆಯ ಆಗ್ಬಿಟ್ನಾ?"

ಕಿಯೆರನ್ ಎದ್ದು ಬಾಗಿಲು ಮುಚ್ಚಿದ. ಅವನು ನಮ್ಮ ಶೆಡ್ಡಿನ ಮ್ಯಾನೇಜರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಅದರಲ್ಲಿ ಇದ್ದದ್ದು ಎರಡೇ ಮಾತು. ಪರೀಕ್ಷೆ ನಡೆದಷ್ಟು ದಿನವೂ ಬಟ್ಟಲುಗಳಿಗೆ ಯಾರೂ ನೀರು ಮುಟ್ಟಿಸಿಲ್ಲ. ಲಾಂಗಿ ತನ್ನದೇ ತಪ್ಪಿನಿಂದ ಚಪ್ಪಡಿಯ ಕೆಳಗೆ ಕೈ ಹಾಕಿದಳು. ಕೆಳಗೆ ಹತ್ತು ಸಹಿ. ನನ್ನದಕ್ಕೆ ಜಾಗ ಬಿಟ್ಟಿದ್ದರು.

ಡ್ಯಾಂಡೆನಾಂಗ್ ಎಂಬ ಊರಿನ ಈ ಶೆಡ್ಡಿನಲ್ಲಿ ನಾವು ಮಾಡುವುದು ಗಾಳಿ ಹೀರಿ ಹಿಡಿಯುವ ರಬ್ಬರ್ ಬಟ್ಟಲು. ಯಂತ್ರದ ತೋಳಿಗೆ ಎಂಟು ಬಟ್ಟಲು ಸಿಕ್ಕಿಸಿದರೆ ಬಾಗಿಲಿನಷ್ಟು ದೊಡ್ಡ ಕಾಂಕ್ರೀಟ್ ಚಪ್ಪಡಿಯನ್ನು ಕಚ್ಚಿ ಎತ್ತುತ್ತದೆ. ಎತ್ತಿಸುವುದು ಕಷ್ಟವಲ್ಲ, ಬಾಳಿಕೆ ಬರಿಸುವುದು ಕಷ್ಟ. ಮೆತ್ತನೆಯ ರಬ್ಬರಾದರೆ ಬಟ್ಟಲಿನ ತುಟಿ ಚಪ್ಪಡಿಗೆ ಚೆನ್ನಾಗಿ ಕೂರುತ್ತದೆ, ಆದರೆ ಸಿಮೆಂಟಿನ ಹರಳು ವಾರದೊಳಗೆ ಅದನ್ನು ಹರಿದು ಹಾಕುತ್ತದೆ. ಗಟ್ಟಿ ರಬ್ಬರು ಹರಿಯುವುದಿಲ್ಲ, ಗಾಳಿ ಸೋರುತ್ತದೆ. ಇದರ ನಕ್ಷೆ ಮಾಡುವ ಹುಡುಗಿ ಪೆಟ್ರಾ ಮೂರು ಸಲ ಅಚ್ಚು ಬದಲಾಯಿಸಿ ನಾಲ್ಕನೆಯ ತುಟಿ ಮಾಡಿದ್ದಳು. ಅದು ಒಣ ಚಪ್ಪಡಿಯನ್ನು ನೀರು ಸೋಕದೆ ನಾಲ್ಕು ಲಕ್ಷ ಸಲ ಎತ್ತಿ ಇಳಿಸಬೇಕು. ಆಗ ಮಾರಬಹುದು.

ಗಾಳಿ ಸೋರಿದರೆ ಯಂತ್ರ ಸೀಟಿ ಹೊಡೆಯುತ್ತದೆ. ಎಣಿಕೆ ನಿಲ್ಲುತ್ತದೆ. ಕಿಯೆರನ್ ಓಡಿ ಬರುತ್ತಾನೆ. "ಮತ್ತೆ ನಿಲ್ಸಿದ್ರಾ? ಇದೇನು ನಿಮ್ಮೂರಿನ ತೆಂಗಿನಕಾಯಿ ಅಂದ್ಕೊಂಡ್ರಾ?" ನಾವು ಹನ್ನೊಂದು ಮಂದಿ ಸಮೋವಾ ದ್ವೀಪದಿಂದ ಬಂದವರು, ಎಲ್ಲರೂ ಒಂದೇ ಚರ್ಚಿನವರು. ಒಬ್ಬರಿಗೆ ಬೈದರೆ ಹನ್ನೊಂದು ತಲೆ ತಗ್ಗುತ್ತದೆ. ಲಾಂಗಿ ಮೊದಲು ಮೊಟ್ಟೆ ಶೆಡ್ಡಿನಲ್ಲಿದ್ದವಳು. ಮೊಟ್ಟೆ ಎತ್ತುವ ಪುಟ್ಟ ಬಟ್ಟಲುಗಳನ್ನು ಅಲ್ಲಿನ ಹೆಂಗಸರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರಂತೆ. ಒದ್ದೆ ತುಟಿ ಬಿಗಿಯಾಗಿ ಹಿಡಿಯುತ್ತದೆ. ಇಲ್ಲಿಯೂ ಟೀ ಹೊತ್ತಿಗೊಮ್ಮೆ, ಊಟದ ಹೊತ್ತಿಗೊಮ್ಮೆ ಒರೆಸತೊಡಗಿದಳು. ಸೀಟಿ ನಿಂತಿತು. ಕಿಯೆರನ್ ನೋಡಿದ. "ಇವತ್ತು ಯಂತ್ರ ಚೆನ್ನಾಗಿದೆ" ಅಂದ. ಬಕೆಟ್ಟನ್ನು ದಾಟಿಕೊಂಡು ಹೋದ.

ಪೆಟ್ರಾ ಕೂರುವುದು ಮಹಡಿಯ ಮೇಲೆ. ಅವಳಿಗೆ ಕಾಣುತ್ತಿದ್ದದ್ದು ಎಣಿಕೆ ಮಾತ್ರ. ನಾಲ್ಕು ಲಕ್ಷ ಮುಟ್ಟಿದ ದಿನ ಕೇಕ್ ತಂದಳು. ನಮ್ಮನ್ನೆಲ್ಲ ತಬ್ಬಿಕೊಂಡು ಅತ್ತಳು. ನಾವು ಕೇಕ್ ತಿಂದೆವು. ನಾನೂ ಎರಡು ತುಂಡು ತಿಂದೆ. ಬಾಯಿ ಬಿಡಲಿಲ್ಲ.

ಹೋದ ಮಂಗಳವಾರ ಕೊಳ್ಳುವವರು ಕ್ಯಾಮೆರಾ ಹಿಡಿದು ಬಂದರು. ಕಿಯೆರನ್ ತಾನೇ ಬಕೆಟ್ಟು, ಬಟ್ಟೆ ಹೊರಗಿಟ್ಟ. ಅತಿಥಿಗಳ ಮುಂದೆ ಕೂಗೀತು ಅಂತ ಸೀಟಿಯ ತಂತಿಯನ್ನೂ ಕಿತ್ತ. ಏಳನೆಯ ಸಲ ಎತ್ತಿದಾಗ ಒಂದು ಬಟ್ಟಲಿನ ಅಂಚು ಮಡಚಿಕೊಂಡದ್ದನ್ನು ಲಾಂಗಿ ಕಂಡಳು. ಎಡಗೈಯ ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿ, ಬಲಗೈಯನ್ನು ಚಪ್ಪಡಿಯ ಕೆಳಗೆ ಆನಿಸಿ, ಆ ಅಂಚನ್ನು ಒದ್ದೆ ಮಾಡಲು ಚಾಚಿದಳು. ಚಪ್ಪಡಿ ಬಿತ್ತು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ.

"ಲಾಂಗಿನೇ ಸಹಿ ಹಾಕಿದಾಳೆ. ನಿಂದೇನು?" ಅಂದ ಕಿಯೆರನ್.

ನೋಡಿದೆ. ಹತ್ತನೆಯ ಸಹಿ ಅವಳದೇ. ಎಡಗೈಯಲ್ಲಿ ಗೀಚಿದ್ದು.

"ಆಸ್ಪತ್ರೆಗೆ ಹೋಗಿ ಹಾಕಿಸ್ಕೊಂಡ್ಯಾ?"

"ಅವಳಾಗೇ ಹಾಕಿದ್ದು."

ಸುಳ್ಳಲ್ಲ. ಹಿಂದಿನ ದಿನ ಅವಳು ನನಗೂ ಹೇಳಿದ್ದಳು. "ಹೋದ ಬೆರಳು ಬರಲ್ಲ ಅಣ್ಣ. ಶೆಡ್ಡು ಮುಚ್ಚಿದ್ರೆ ನಮ್ಮೋರೆಲ್ಲ ಬೀದಿಗೆ ಬೀಳ್ತಾರೆ. ಹಾಕ್ಬಿಡು."

"ತಪ್ಪು ಅವಳದು ಅಂತ ಬರೆದ ಮೇಲೆ ಅವಳಿಗೆ ಪರಿಹಾರ ಯಾರು ಕೊಡ್ತಾರೆ?"

"ಹಗುರ ಕೆಲಸ ಏನಾದ್ರೂ ನೋಡೋಣ. ಈ ಹಾಳೆ ಕೊಟ್ಟು ಬಟ್ಟಲು ಮಾರದಿದ್ರೆ ಸೋಮವಾರ ಗೇಟಿಗೆ ಬೀಗ. ಯೋಚನೆ ಮಾಡು."

ಯೋಚನೆ ಮಾಡಿದೆ. ಸಹಿ ಹಾಕಿದರೆ ಬಟ್ಟಲು ಮಾರಾಟವಾಗುತ್ತದೆ. ಯಾವುದೋ ಊರಿನ ಶೆಡ್ಡಿನಲ್ಲಿ ಇನ್ಯಾರದೋ ಕೈ ಅದರ ಕೆಳಗೆ ಬರುತ್ತದೆ. ಹಾಳೆ ಎತ್ತಿಕೊಂಡು ಶೆಡ್ಡಿಗೆ ನಡೆದೆ. ಮಹಡಿಯ ಕಡೆ ಕೂಗಿದೆ.

"ಪೆಟ್ರಾ! ಇಳಿದು ಬಾ. ನಿನ್ನ ನಾಲ್ಕನೇ ತುಟಿ ಒಣಗಿದ್ರೆ ಹಿಡಿಯಲ್ಲ. ನಾವು ಒದ್ದೆ ಮಾಡಿ ಮಾಡಿ ಎತ್ತಿಸಿದ್ದು."

ಅವಳು ಇಳಿದು ಬಂದಳು. "ಯಾವಾಗಿಂದ?"

"ಮೊದಲನೇ ತಿಂಗಳಿಂದ."

"ಕೇಕ್ ತಿಂದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ತಾಯಿ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಂಟು ಬಟ್ಟಲನ್ನೂ ಒಂದೊಂದಾಗಿ ಅಂಗಿಯ ತೋಳಿನಲ್ಲಿ ಒರೆಸಿ ಒಣಗಿಸಿದಳು. ಸ್ವಿಚ್ಚು ತಾನೇ ಒತ್ತಿದಳು. ಚಪ್ಪಡಿ ಸೊಂಟದೆತ್ತರಕ್ಕೆ ಎದ್ದು ನಿಂತಿತು. ಕೆಲಸ ಬಿಟ್ಟು ಎಲ್ಲರೂ ಸುತ್ತ ಬಂದರು. ಹಿಂದೆಯೇ ಕಿಯೆರನ್ ಬಂದ.

"ಏನು ನಾಟಕ ಇದು?"

"ಬಟ್ಟಲು ಗಟ್ಟಿ ಅಂದ್ಯಲ್ಲ" ಅಂದೆ. "ಕೈ ಇಡು. ಲಾಂಗಿಯ ಕೈ ಇದ್ದ ಜಾಗದಲ್ಲೇ. ಹತ್ತು ನಿಮಿಷ. ಆಮೇಲೆ ನಾನು ಸಹಿ ಹಾಕ್ತೀನಿ, ದೇವರಾಣೆ."

ಹಾಳೆಗೆ ಮೊದಲ ಸಹಿ ಹಾಕಿದ್ದ ಮುದುಕಿ ಸೆಫಿನಾ ಹಿಂದಿನಿಂದ ಹೇಳಿದಳು, "ಎಡಗೈ ಆದ್ರೂ ಸಾಕು ಕಿಯೆರನ್. ಎಡಗೈಲೂ ಸಹಿ ಬರುತ್ತೆ."

ಯಾರೋ ನಕ್ಕರು. ಅದು ನಗುವಿನ ಹಾಗಿರಲಿಲ್ಲ.

ಕಿಯೆರನ್ ಚಪ್ಪಡಿ ನೋಡಿದ. ಎರಡೂ ಕೈ ಜೇಬಿಗೆ ಹೋದವು. "ಒಂದು ಫೋನ್ ಮಾಡಿ ಬರ್ತೀನಿ. ಯಾರೂ ಏನೂ ಮುಟ್ಟಬೇಡಿ."

ಹೋದ. ಹೊರಗೆ ಅವನ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು.

ನಾವು ಏನೂ ಮುಟ್ಟಲಿಲ್ಲ. ನಾಲ್ಕನೆಯ ನಿಮಿಷಕ್ಕೆ ಒಂದು ತುಟಿ ಮಡಚಿಕೊಂಡಿತು. ಆರನೆಯದಕ್ಕೆ ಚಪ್ಪಡಿ ಬಿದ್ದು ನೆಲ ನಡುಗಿತು. ಸೆಫಿನಾ ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಪೆನ್ನು ಕೇಳಿದಳು. ಮೇಲಿನಿಂದ ಮೊದಲನೆಯದಾಗಿದ್ದ ತನ್ನ ಹೆಸರಿನ ಮೇಲೆ ಗೆರೆ ಎಳೆದಳು. ಪೆನ್ನು ಪಕ್ಕದವರಿಗೆ ದಾಟಿತು. ಸೋಮವಾರದ ಮಾತು ಯಾರೂ ಎತ್ತಲಿಲ್ಲ. ಗೇಟಿಗೆ ಬೀಗ ಬೀಳುವುದು ಎಲ್ಲರಿಗೂ ಗೊತ್ತಿತ್ತು.

ಊಟದ ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ. ಸಂಜೆ ಪಾಳಿಯವರು ಬಂದು ನಮ್ಮ ಜೊತೆ ನಿಂತರು. ಕಿಯೆರನ್ ಬರಲಿಲ್ಲ.